ಜಗಲಿಯ ಮೇಲೆ ನಡೆದ ಮಹಜರು

೧೯೯೫ರಲ್ಲಿ ನಾನು ಪಾಂಡವಪುರದ ಪದವಿಪೂರ್ವ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಉಪನ್ಯಾಸಕಿಯಾಗಿದ್ದೆ. ಮನೆ ಶ್ರೀರಂಗಪಟ್ಟಣದಲ್ಲಿ. ತಂದೆ ದೇವಸ್ಥಾನದ ಅರ್ಚಕರು. ದಿನವೂ ಬಸ್ಸಿನಲ್ಲಿ ನಿಂತು ಹೋಗಿ ನಿಂತೇ ಬರುವ ಕೆಲಸ. ಪಾಠದ ಜೊತೆಗೆ ವಿದ್ಯಾರ್ಥಿವೇತನದ ಕೆಲಸವನ್ನೂ ಪ್ರಿನ್ಸಿಪಾಲರು ನನ್ನ ತಲೆಗೆ ಕಟ್ಟಿದ್ದರು. "ಹೆಂಗಸರಿಗೆ ತಾಳ್ಮೆ ಜಾಸ್ತಿ ಕಣಮ್ಮ" ಎಂಬುದು ಅವರು ಕೊಟ್ಟ ಕಾರಣ. ನನ್ನ ತಾಳ್ಮೆ ಎಷ್ಟೆಂದು ಅವರು ನಮ್ಮ ಮನೆಯವರನ್ನು ಒಂದು ಮಾತು ಕೇಳಬೇಕಿತ್ತು.

ಈಗಿನಂತೆ ಮೊಬೈಲಿನಲ್ಲಿ ಬೆರಳಾಡಿಸಿದರೆ ಸ್ಕಾಲರ್‌ಶಿಪ್ಪುಗಳ ವಿವರ ಬಂದು ಬೀಳುವ ಕಾಲ ಅದಲ್ಲ. ಯಾವ ಜಾತಿಯ ಸಂಘ ಏನು ಕೊಡುತ್ತದೆ, ಯಾವ ಸಾಹುಕಾರರ ಹೆಸರಿನಲ್ಲಿ ದತ್ತಿ ಇದೆ, ಯಾವ ಹಾಸ್ಟೆಲಿನಲ್ಲಿ ಉಚಿತ ಊಟವಿದೆ ಎಂಬುದನ್ನೆಲ್ಲ ಪೇಪರಿನ ಮೂಲೆಯಲ್ಲಿ ಹುಡುಕಬೇಕಿತ್ತು. ಸಿಕ್ಕಿದ ವಿಳಾಸಕ್ಕೆ ಕಾಗದ ಬರೆಯಬೇಕಿತ್ತು. ಬರೆದ ಕಾಗದಕ್ಕೆ ಉತ್ತರ ಬಂದರೆ ನಮ್ಮ ಪುಣ್ಯ. ಹಾಗೆ ಬರೆದೂ ಬರೆದೂ ಮೈಸೂರಿನ ಒಂದು ಧರ್ಮಸಂಸ್ಥೆಯಿಂದ ನನಗೆ ಉತ್ತರ ಬಂದಿತ್ತು. ಹಳ್ಳಿಯ ಹೆಣ್ಣುಮಗಳೊಬ್ಬಳಿಗೆ ಪದವಿ ಮುಗಿಯುವವರೆಗೂ ಫೀಜು, ಪುಸ್ತಕ, ಹಾಸ್ಟೆಲ್ಲು ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಾರಂತೆ! ಓದಿ ನಾನು ಸ್ಟಾಫ್‌ರೂಮಿನಲ್ಲಿ ಕುಣಿಯುವುದೊಂದು ಬಾಕಿ.

ಆ ನೆರವು ಯಾರಿಗೆ ಎಂದು ನಾನು ಯೋಚಿಸಬೇಕಾಗಲೇ ಇಲ್ಲ. ಸುಕನ್ಯಾ ಎಂಬ ಹುಡುಗಿ ನಮ್ಮಲ್ಲಿ ಎರಡನೇ ಪಿಯುಸಿ ಮುಗಿಸಿದ್ದಳು. ಕ್ಯಾತನಹಳ್ಳಿಯ ಹತ್ತಿರದ ಒಂದು ಸಣ್ಣ ಊರಿನವಳು. ಬಾಯಿ ಬಿಟ್ಟರೆ ಮುತ್ತು ಉದುರುತ್ತದೇನೋ ಎಂಬಂತೆ ಮೌನಿ, ಆದರೆ ಲೆಕ್ಕದಲ್ಲಿ ಮಹಾ ಚೂಟಿ. ಮೈಸೂರಿನ ಕಾಲೇಜೊಂದರಲ್ಲಿ ಬಿ.ಎಸ್ಸಿ.ಗೆ ಸೀಟು ಸಿಕ್ಕಿತ್ತು. ಅಲ್ಲಿದ್ದು ಓದುವುದಕ್ಕೆ ಮಾತ್ರ ದಾರಿಯಿರಲಿಲ್ಲ. ಅಕ್ಕ ಮಂಜುಳಾ ಎಸ್ಸೆಸ್ಸೆಲ್ಸಿಗೇ ಓದು ಬಿಟ್ಟು ಮನೆಯ ಹಸು ನೋಡಿಕೊಂಡು ಡೇರಿಗೆ ಹಾಲು ಹಾಕುತ್ತಿದ್ದಳು. ತಂಗಿಯ ಬಸ್ ಪಾಸಿನ ದುಡ್ಡು ಬರುತ್ತಿದ್ದದ್ದೇ ಆ ಹಾಲಿನಿಂದ.

ಧರ್ಮಸಂಸ್ಥೆಯವರು ಕೇಳಿದ್ದ ಮುಖ್ಯ ಕಾಗದ ಆದಾಯ ಪ್ರಮಾಣಪತ್ರ. ಮನೆಯ ವರಮಾನ ಇಷ್ಟೇ ಎಂದು ತಹಸೀಲ್ದಾರರು ಸಹಿ ಮಾಡಿ ಕೊಡುವ ಪತ್ರ ಅದು. ತಹಸೀಲ್ದಾರರು ತಾವಾಗಿ ಬಂದು ನೋಡುವುದಿಲ್ಲ. ರೆವಿನ್ಯೂ ಇನ್‌ಸ್ಪೆಕ್ಟರು, ಅಂದರೆ ಎಲ್ಲರ ಬಾಯಲ್ಲಿ ಆರ್.ಐ., ಊರಿಗೆ ಬಂದು ವಿಚಾರಿಸಿ ವರದಿ ಕೊಡುತ್ತಾರೆ. ಆ ಪತ್ರ ಹಿಡಿದುಕೊಂಡು ಸುಕನ್ಯಾ ಜೂನ್ ತಿಂಗಳ ಒಂದು ಸೋಮವಾರ ಬಂದಳು. ಓದಿದವಳೇ ನಾನು ಕಿರುಚಿದೆ.

"ಏನೇ ಇದು? ನಿಮ್ಮಪ್ಪ ಜಮೀನ್ದಾರರೇನೇ? ಇದನ್ನ ಕಳಿಸಿದ್ರೆ ಅವರು ನಮಗೇ ಚಂದಾ ಕೇಳ್ತಾರೆ!"

ಹುಡುಗಿ ಅಳುವುದಕ್ಕೆ ಶುರುಮಾಡಿದಳು. ಬಿಕ್ಕುತ್ತಲೇ ನಡೆದದ್ದನ್ನು ಹೇಳಿದಳು. ಆರ್.ಐ. ವಿಚಾರಣೆಗೆ ಬಂದ ದಿನವೇ ಮಂಜುಳಾಳನ್ನು ನೋಡಲು ನಾಗಮಂಗಲದ ಕಡೆಯಿಂದ ಗಂಡಿನವರು ಬಂದಿದ್ದರಂತೆ. ಜಗಲಿಯ ಒಂದು ಕಡೆ ಅವರು ಉಪ್ಪಿಟ್ಟು ತಿನ್ನುತ್ತಾ ಕೂತಿದ್ದರೆ, ಇನ್ನೊಂದು ಕಡೆ ಆರ್.ಐ. ಕೂತು, "ಏನು ಗೌಡ್ರೇ, ವರ್ಷದ ವರಮಾನ ಎಷ್ಟಾಗಬಹುದು?" ಎಂದು ಕೇಳಿದ್ದಾರೆ. ಬೀಗರಾಗುವವರು ತಿನ್ನುವುದನ್ನು ನಿಲ್ಲಿಸಿ ಕಿವಿಗೊಟ್ಟಿದ್ದಾರೆ. ಅಪ್ಪ ತಮ್ಮೇಗೌಡರು ಏನು ಮಾಡಿಯಾರು? ಅಣ್ಣನ ಗದ್ದೆಯನ್ನು ತಮ್ಮದಕ್ಕೆ ಸೇರಿಸಿದ್ದಾರೆ. ಅಂಗಳದಲ್ಲಿ ನಿಂತಿದ್ದ ಅಣ್ಣನ ಟ್ರಾಕ್ಟರನ್ನೂ, ಪಕ್ಕದ ಮನೆಯ ಹಸುಗಳನ್ನೂ ತಮ್ಮವೇ ಎಂದು ತೋರಿಸಿದ್ದಾರೆ. ಆರ್.ಐ. ಅಷ್ಟನ್ನೂ ಬರೆದುಕೊಂಡು, ತಮ್ಮ ಪಾಲಿನ ಉಪ್ಪಿಟ್ಟು ತಿಂದು ಹೋಗಿದ್ದಾರೆ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅರ್ಜಿಗೆ ಶನಿವಾರ ಕೊನೆಯ ದಿನ. ಛತ್ರಿ ಹಿಡಿದು ನೆಟ್ಟಗೆ ತಾಲ್ಲೂಕು ಕಚೇರಿಗೆ ಹೋದೆ. ಆರ್.ಐ. ಒಳ್ಳೆಯ ಮನುಷ್ಯ. "ಅವರು ಹೇಳಿದ್ದನ್ನೇ ಬರೆದಿದ್ದೇನೆ ಮೇಡಂ. ಈಗ ಬದಲಾಯಿಸಬೇಕೆಂದರೆ ಸ್ಥಳ ಮಹಜರು ಆಗಬೇಕು" ಎಂದರು. ಮಹಜರು ಎಂದರೆ ಆ ಮನೆಯ ಮುಂದೆಯೇ, ನೆರೆಹೊರೆಯವರ ಎದುರಿಗೇ ನಿಜಸ್ಥಿತಿಯನ್ನು ಕೇಳಿ ಬರೆದುಕೊಂಡು, ಎಲ್ಲರ ಸಹಿ ಹಾಕಿಸುವುದು. ಈ ವಾರದಲ್ಲಿ ಯಾವ ದಿನ ಕರೆದರೂ ಬರುತ್ತೇನೆ ಎಂದೂ ಹೇಳಿದರು.

ಮಾರನೆಯ ದಿನ ಸುಕನ್ಯಾಳ ಊರಿಗೆ ಹೋದೆ. ತಮ್ಮೇಗೌಡರು ನನ್ನನ್ನು ಕೂರಿಸಿ, ಮಜ್ಜಿಗೆ ಕೊಟ್ಟು, ಕೈ ಮುಗಿದುಬಿಟ್ಟರು.

"ಆಗಾಕಿಲ್ಲ ಮೇಡಮ್ನೋರೇ. ಬೀಗ್ರು ಒಪ್ಕೊಂಡವ್ರೆ. ಆಸಾಡ ಉಟ್ಟಾಕೆ ಮುಂಚೆ ವೀಳ್ಯ ಆಗ್ಬುಡ್ಬೇಕು ಅಂತ ಮಾತಾಗದೆ. ಈಗ ಊರೋರ ಮುಂದೆ ನಂಗೇನೂ ಇಲ್ಲ ಅಂದ್ರೆ, ಆ ಸುದ್ದಿ ನಾಗಮಂಗಲಕ್ಕೆ ನನ್ಗಿಂತ ಮುಂಚೆ ಓಯ್ತದೆ. ಚಿಕ್ಕವ್ಳ ಓದ್ಗೋಸ್ಕರ ದೊಡ್ಡವ್ಳ ಮದ್ವೆ ಮುರೀಲಾ? ನೀವೇ ಯೋಳಿ."

ಇಬ್ಬರೂ ಅವರ ಮಕ್ಕಳೇ. ಮಜ್ಜಿಗೆ ಕುಡಿದು ಎದ್ದೆ.

ಕೊಟ್ಟಿಗೆ ದಾಟುವಾಗ ಮಂಜುಳಾ ಎದುರಾದಳು. ಕೈತುಂಬ ಸಗಣಿ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಆ ಕಡೆ ಈ ಕಡೆ ನೋಡಿ, "ಮೇಡಂ, ಆರೈ ಸಾಯೇಬ್ರಿಗೆ ಬೇಸ್ತವಾರ ಬೆಳಗ್ಗೆ ಬರಾಕೆ ಯೋಳಿ. ಅಪ್ಪಂಗೆ ನಾನ್ ಯೋಳ್ತೀನಿ. ನೀವೂ ಬನ್ನಿ" ಎಂದಳು. ಅಪ್ಪನನ್ನು ಒಪ್ಪಿಸುತ್ತಾಳೆ, ಬದುಕಿದೆವು ಎಂದುಕೊಂಡು ನಾನು ಹಾಗೆಯೇ ಆರ್.ಐ.ಗೆ ತಿಳಿಸಿದೆ.

ಗುರುವಾರ ಬೆಳಿಗ್ಗೆ ಬಸ್ಸಿಳಿದು ಅವರ ಮನೆಯ ತಿರುವಿಗೆ ಬಂದವಳು ಅಲ್ಲೇ ನಿಂತುಬಿಟ್ಟೆ. ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಟ್ಟಿದ್ದಾರೆ. ಬಾಗಿಲಿಗೆ ಮಾವಿನ ತೋರಣ. ಜಗಲಿಯ ಮೇಲೆ ಜಮಖಾನ ಹಾಸಿ, ತಟ್ಟೆಗಳಲ್ಲಿ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ ಜೋಡಿಸಿದ್ದಾರೆ. ಗಂಡಿನ ಅಪ್ಪ ಬೋರೇಗೌಡರು, ತಾಯಿ ನಿಂಗಮ್ಮ, ಅವರ ಕಡೆಯ ನಾಲ್ಕಾರು ಜನ ಕೂತಿದ್ದಾರೆ. ವೀಳ್ಯಶಾಸ್ತ್ರ ಅವತ್ತೇ! ಎಲೆಅಡಿಕೆಯ ತಟ್ಟೆಗಳು ಕೈ ಬದಲಾದರೆ ಮದುವೆ ಗೊತ್ತಾದ ಹಾಗೆ. ಅಷ್ಟರಲ್ಲಿ ಆರ್.ಐ. ಅವರ ಬೈಕೂ ಬಂದು ನಿಂತಿತು. ತಮ್ಮೇಗೌಡರ ಮುಖದಲ್ಲಿ ರಕ್ತವೇ ಇರಲಿಲ್ಲ. ಮಂಜುಳಾ ಅಪ್ಪನಿಗೆ ಏನೂ ಹೇಳಿರಲಿಲ್ಲ ಎಂದು ನನಗೆ ಆಗ ಗೊತ್ತಾಯಿತು.

ಪಾಪ, ಆರ್.ಐ.ಗೆ ಇದೊಂದೂ ತಿಳಿಯದು. ಕೂತವರೇ, "ಹೇಳಿ ಗೌಡ್ರೇ, ನಿಮ್ಮ ನಿಜವಾದ ವರಮಾನದ ವಿಷಯ" ಎಂದುಬಿಟ್ಟರು.

ತಮ್ಮೇಗೌಡರು ಜೋಡಿಸಿದ್ದ ತಟ್ಟೆಗಳನ್ನೇ ಮತ್ತೆ ಜೋಡಿಸತೊಡಗಿದರು. ನೆರೆಯವರೆಲ್ಲ ಬೇಲಿಯ ಆಚೆ ನಿಂತು ನೋಡುತ್ತಿದ್ದರು. ಒಬ್ಬರೂ ಮುಂದೆ ಬರಲಿಲ್ಲ. ಆ ಸೀಮೆಯಲ್ಲಿ ಪಕ್ಕದ ಮನೆಯವನು ಬಡವ ಎಂದು ಸಹಿ ಹಾಕುವುದು ಅವನನ್ನು ಬೈದದ್ದಕ್ಕಿಂತ ಹೆಚ್ಚು. ಆಗ ಒಳಗಿನಿಂದ ಬಳೆಯ ಸದ್ದಾಯಿತು. ಕರೆಯುವ ತನಕ ಮದುವೆಯ ಹೆಣ್ಣು ಹೊರಗೆ ಬರುವಂತಿಲ್ಲ. ಆದರೂ ಮಂಜುಳಾ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಬಂದು ಹೊಸ್ತಿಲ ಮೇಲೆ ನಿಂತಳು.

"ನಾನ್ ಯೋಳ್ತೀನಿ ಬರ್ಕಳಿ ಸಾಯೇಬ್ರೆ. ಆ ಟ್ರಾಕ್ಟರು ದೊಡ್ಡಪ್ಪಂದು. ಆ ಅಸಗೋಳು ಪಕ್ಕದ್ಮನೇವು. ನಮ್ಗಿರಾದು ಒಂದೇ ಅಸ, ಇಪ್ಪತ್ ಗುಂಟೆ ಗದ್ದೆ. ಅಪ್ಪ ಆವತ್ತು ಅಂಗಂದಿದ್ದು ನನ್ ಮದ್ವೆಗೋಸ್ಕರ. ನನ್ ಮದ್ವೆ ಇವತ್ತಲ್ದಿದ್ರೆ ಇನ್ನೊಂದಿನ ಆಯ್ತದೆ. ನನ್ ತಂಗಿ ಕಾಲೇಜು ಶನಿವಾರಕ್ಕೆ ಮುಗ್ದೋಯ್ತದೆ."

ಧ್ವನಿ ನಡುಗಲಿಲ್ಲ. ಕಣ್ಣಲ್ಲಿ ನೀರಿರಲಿಲ್ಲ. ಹಾಲಿನ ಡೇರಿಯಲ್ಲಿ ಇವತ್ತು ಇಷ್ಟು ಲೀಟರು ಎಂದು ಹೇಳುವ ಹಾಗೆ ಹೇಳಿದಳು. ಇಷ್ಟು ವರ್ಷ ಕ್ಲಾಸಿನಲ್ಲಿ ನಿಂತು ಮಕ್ಕಳಿಗೆ ಧೈರ್ಯದ ಬಗ್ಗೆ ಏನೇನೋ ಹೇಳಿದ್ದೆ. ಧೈರ್ಯ ಹೇಗಿರುತ್ತದೆಂದು ನೋಡಿದ್ದು ಅವತ್ತೇ.

ಬೋರೇಗೌಡರು ತಲೆ ತಗ್ಗಿಸಿ ಕೂತಿದ್ದರು. ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಎದ್ದು ಹೊರಟೇಬಿಡುತ್ತಾರೆ ಎಂದುಕೊಂಡೆ. ಆಗ ಅವರ ಹೆಂಡತಿ ನಿಂಗಮ್ಮ ಪಕ್ಕದಿಂದ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದರು:

"ವಸಿ ನಮ್ದೂ ಯೋಳ್ಬುಡಿ."

"ಸುಮ್ಕಿರಮ್ಮಿ!"

"ಎಣ್ ಮಗ ಬಾಯ್ಬಿಟ್ಟು ಯೋಳವ್ಳೆ. ನಿಮ್ಗೇನ್ ದಾಡಿ? ಯೋಳಿ."

ಬೋರೇಗೌಡರು ಗಂಟಲು ಸರಿಮಾಡಿಕೊಂಡರು. ತಮ್ಮೇಗೌಡರ ಮುಖ ನೋಡಲಾಗದೆ ಎಲೆಅಡಿಕೆಯ ತಟ್ಟೆಯನ್ನು ನೋಡುತ್ತಾ, "ಆವತ್ತು ನಾನು ಬೋರ್‌ವೆಲ್ಲು ಅದೆ ಅಂತ ಯೋಳಿದ್ನಲ್ಲ, ಅದು ನಮ್ ತಮ್ಮಂದು ಕಣಪ್ಪ. ನಂದು ಮಳೆ ನಂಬ್ಕೊಂಡಿರೋ ರಾಗಿ ಒಲ" ಎಂದರು.

ಅದನ್ನು ಕೇಳಿ ತಮ್ಮೇಗೌಡರು ನಕ್ಕರು ನೋಡಿ! ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಬರುವ ಹಾಗೆ ನಕ್ಕರು. ಬೋರೇಗೌಡರೂ ಸೇರಿಕೊಂಡರು. ಆರ್.ಐ. ಪೆನ್ನು ಕೆಳಗಿಟ್ಟು ನಕ್ಕರು. ನಕ್ಕು ಮುಗಿದ ಮೇಲೆ ಬೋರೇಗೌಡರು ಬೇಲಿಯ ಕಡೆ ತಿರುಗಿ ಗದರಿದರು: "ಏನ್ರಯ್ಯಾ ನಿಂತ್ಕೊಂಡ್ ನೋಡ್ತೀರಾ? ಬಂದು ಸೈನ್ ಆಕ್ರಿ. ಮಗ ಓದಾಕೋಗ್ಬೇಕಂತೆ, ಕೇಳಿಸ್ನಿಲ್ವಾ?" ಊರಿನವರು ಒಬ್ಬೊಬ್ಬರಾಗಿ ಬಂದರು. ಕೆಲವರು ಸಹಿ ಹಾಕಿದರು, ಕೆಲವರು ಹೆಬ್ಬೆಟ್ಟು ಒತ್ತಿದರು. ಮಹಜರು ಮುಗಿದ ಮೇಲೆ ಅದೇ ಜಮಖಾನದ ಮೇಲೆ ತಟ್ಟೆಗಳು ಕೈ ಬದಲಾದವು. ಸುಕನ್ಯಾ ಅಕ್ಕನ ಭುಜಕ್ಕೆ ಮುಖ ಒತ್ತಿಕೊಂಡವಳು ಊಟಕ್ಕೆ ಕರೆಯುವ ತನಕ ಬಿಡಲಿಲ್ಲ.

ಊಟವಾದ ಮೇಲೆ ಮಂಜುಳಾಳನ್ನು ಹಿತ್ತಲಿಗೆ ಕರೆದು ಕೇಳಿದೆ: "ಅಲ್ವೇ, ಅವರು ಎದ್ದು ಹೋಗಿದ್ದಿದ್ರೆ ಏನೇ ಗತಿ? ಇವತ್ತೇ ಯಾಕೆ ಕರೆಸೋಕೆ ಹೇಳಿದೆ?"

"ಓಗೋರು ಇವತ್ತೇ ಓಗ್ಲಿ ಅಂತಾನೇ ಮೇಡಂ" ಎಂದಳು. "ತಾಳಿ ಕಟ್ಟಿದ್ಮೇಲೆ ಗೊತ್ತಾದ್ರೆ ನಾನ್ ಎಲ್ಗೋಗ್ಲಿ?"

ಬಗ್ಗಿ ಅವಳ ಕಾಲು ಮುಟ್ಟೋಣ ಎನ್ನಿಸಿತು. ಚಿಕ್ಕವಳು, ಗಾಬರಿಯಾಗುತ್ತಾಳೆ ಎಂದು ತಲೆ ಸವರಿ ಬಂದೆ.

ಶುಕ್ರವಾರ ತಹಸೀಲ್ದಾರರ ಸಹಿಯಾಯಿತು. ಶನಿವಾರ ನಾನೇ ಮೈಸೂರಿಗೆ ಹೋಗಿ ಅರ್ಜಿ ಕೊಟ್ಟು ಬಂದೆ. ಸುಕನ್ಯಾಳಿಗೆ ಪೂರ್ತಿ ನೆರವು ಮಂಜೂರಾಯಿತು. ಅವಳು ಹಾಸ್ಟೆಲ್ಲು ಸೇರಿದ ಮೇಲೆ, ಶ್ರಾವಣದಲ್ಲಿ, ಮಂಜುಳಾಳ ಮದುವೆಯಾಯಿತು. ತಂಗಿ ಕಾಲೇಜಿಗೆ ರಜೆ ಹಾಕಿ ಬಂದು ಓಡಾಡಿ ಬಡಿಸಿದಳು.

ವಿದ್ಯಾರ್ಥಿವೇತನ ಕೊಡಿಸುವುದೆಂದರೆ ಅರ್ಜಿ ತುಂಬಿಸಿ, ಸೀಲು ಹಾಕಿಸಿ, ಅಂಚೆಗೆ ಹಾಕುವುದು ಎಂದುಕೊಂಡಿದ್ದವಳು ನಾನು. ನಮ್ಮಲ್ಲಿ ಇಲ್ಲ ಎಂಬ ಒಂದು ಮಾತನ್ನು ನಾಲ್ಕು ಜನರೆದುರು ಆಡುವುದು ಒಂದು ಮನೆಗೆ ಎಷ್ಟು ಕಷ್ಟ ಎಂಬುದು ಆ ಜಗಲಿಯ ಮುಂದೆ ನಿಂತಾಗ ತಿಳಿಯಿತು. ಓದುವ ಮಗುವಿಗೆ ನೆರವು ಸಿಗಬೇಕಾದರೆ ಮನೆಯಲ್ಲಿ ಯಾರೋ ಒಬ್ಬರು ತಮ್ಮ ಮರ್ಯಾದೆಯನ್ನು ಪಕ್ಕಕ್ಕಿಟ್ಟು ಆ ಮಾತನ್ನು ಆಡಿರುತ್ತಾರೆ. ಅವರ ಹೆಸರು ಯಾವ ಅರ್ಜಿಯಲ್ಲೂ ಇರುವುದಿಲ್ಲ. ಆಮೇಲೆ ಸರ್ವಿಸು ಮುಗಿಯುವ ತನಕ, ಯಾವ ಮಗುವಿಗೆ ನೆರವು ಮಂಜೂರಾದರೂ, ನಾನು ಮೊದಲು ಕೇಳುತ್ತಿದ್ದದ್ದು, "ನಿಮ್ಮನೇಲಿ ಇದಕ್ಕೆ ಬಾಯಿಬಿಟ್ಟು ಹೇಳಿದವರು ಯಾರು?" ಎಂದು. ಅವರನ್ನೊಂದು ದಿನ ಕಾಲೇಜಿಗೆ ಕರೆದುಕೊಂಡು ಬಾ ಎನ್ನುತ್ತಿದ್ದೆ. ಬರುತ್ತಿದ್ದವರಲ್ಲಿ ಹೆಚ್ಚಿನವರು ಅವ್ವಂದಿರು, ಅಕ್ಕಂದಿರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸೆರಗು ಸರಿಮಾಡಿಕೊಂಡು, ಬೈಸಿಕೊಳ್ಳಲು ಬಂದವರಂತೆ ಒಳಗೆ ಬರುತ್ತಿದ್ದರು. ನಾನು ಕುರ್ಚಿಯಿಂದ ಎದ್ದು ನಿಂತು ಕೈ ಮುಗಿಯುತ್ತಿದ್ದೆ.