ಸಾಮಾನ್ಯ ಸೀಟಿಗೆ ನಿಂತಾಕಿ

ಮೊದಲನೇ ಸಲ ನಾ ಪಂಚಾಯ್ತಿ ಮೆಂಬರ ಆದಾಗ ಒಲಿ ಮುಂದ ರೊಟ್ಟಿ ಬಡ್ಯಾಕತ್ತಿದ್ದೆ. ಅದು ಮಹಿಳಾ ಮೀಸಲು ಸೀಟು. ಸಿಂದಗ್ಯಾಗ ಎಣಿಕಿ ಮುಗದು, ಜೀಪು ಊರಿಗೆ ಬಂದು, ಪಟಾಕ್ಷಿ ಹೊಡದು, ಮಂದಿ ಹಾರ ಹಾಕಿದ್ದು ನಮ್ಮನಿಯವ್ರ ಕೊಳ್ಳಾಗ! ಅವ್ರು ಮೈತುಂಬ ಗುಲಾಲು ಮಾಡ್ಕೊಂಡು ಒಳಗ ಬಂದು, "ಆರಿಸಿ ಬಂದಿ, ಚಾ ಮಾಡು" ಅಂದ್ರು. ಮಾಡಿದೆ, ಅಂಗಳ ತುಂಬ ಮಂದಿಗೆ.

ಮುಂದ ಸಭಾಕ್ಕೂ ಅವ್ರೇ ಹೋಗಾವ್ರು, ನಾ ಮನ್ಯಾಗ ಕುಂತು ಸಹಿ ಮಾಡಾಕಿ. ಒಮ್ಮೆ ಅವ್ರು ಜ್ವರ ಬಂದು ಮಲಗಿದಾಗ ನಾನೇ ಹೋದೆ. ನಮ್ಮ ಓಣಿ ಹೆಣ್ಮಕ್ಕಳು ಹೊಲದ ಬಾವಿಯಿಂದ ನೀರು ಹೊರೂದು ಅಲ್ಲಿದ್ದ ಒಬ್ಬ ಗಂಡಸಿಗೂ ನೆನಪಿದ್ದಿಲ್ಲ. ಸಿಟ್ಟು ನೆತ್ತಿಗೇರಿತು. "ಕೊಡ ಹೊರಾವ್ರು ನೀವಲ್ಲ, ನಿಮಗ್ಯಾಕ ನೆನಪಿರ್ತೈತಿ?" ಅಂದೆ. ಓಣಿಗೆ ನಳ ಬರೂತನಕ ಒಂದು ಸಭಾನೂ ಬಿಡಲಿಲ್ಲ.

ಅವಧಿ ಮುಗೀತು. ಸೀಟು ಸಾಮಾನ್ಯಕ್ಕ ಹೋತು. ಸಾಮಾನ್ಯ ಅಂದ್ರ ಗಂಡಸರದು ಅಂತ ಊರಿಗೆ ಊರೇ ತಿಳದಿತ್ತು, ನಾನೂ ಹಂಗ ತಿಳದಿದ್ದೆ. ನಮ್ಮನಿಯವ್ರು ನಾಮಪತ್ರ ಕೊಡಾಕಂತ ಮೋರಟಗಿ ಟೇಲರ ಕಡೆ ಹೊಸ ಅಂಗಿ ಹೊಲಿಸಿದ್ರು. ಮತ್ತ ಒಲಿ, ಮತ್ತ ಚಾ! ಪಂಚಾಯ್ತಿಗೆ ಬಂದಿದ್ದ ಚುನಾವಣಾ ಅಧಿಕಾರಿಗೆ ಕೇಳೇಬಿಟ್ಟೆ, "ಸಾಹೇಬ್ರ, ಇದಕ್ಕ ಹೆಂಗಸು ನಿಲ್ಲಾಕ ಬರ್ತೈತೇನ್ರಿ?"

"ಯಾಕ ಬರೂದಿಲ್ಲವ್ವಾ? ಸಾಮಾನ್ಯ ಅಂದ್ರ ಎಲ್ಲಾರಿಗೂ" ಅಂದ್ರು.

ಅವತ್ತ ಮನ್ಯಾಗ ದೊಡ್ಡ ರಂಪ ಆತು. "ಗಂಡನ ಎದುರು ನಿಲ್ತಿಯೇನ?" ಅಂದ್ರು. "ನೀವು ನನ್ನ ಬೆನ್ನಿಗೆ ನಿಲ್ರಿ, ಜಗಳನ ಇಲ್ಲ" ಅಂದೆ. ಮರುದಿನ ಓಣಿ ಹೆಣ್ಮಕ್ಕಳೆಲ್ಲಾ ಬಂದು ಅಂಗಳದಾಗ ಕುಂತು, "ಅಣ್ಣಾರ, ನಮ್ಮ ಓಟು ಆಕಿಗೆ, ನಿಮಗಲ್ಲ" ಅಂತ ಮಾರಿ ಮ್ಯಾಲ ಹೇಳಿದ್ರು. ನಮ್ಮನಿಯವ್ರು ಎದ್ದು ಒಳಗ ಹೋದ್ರು. ಆಮ್ಯಾಲ ಆ ಹೊಸ ಅಂಗಿ ತೊಟ್ಟು, ಗಾಡಿ ಹೊರಗ ತಗದು, "ಹತ್ತು, ನಾಮಪತ್ರ ಕೊಟ್ಟು ಬರೂಣು" ಅಂದ್ರು.

ಎದುರಿಗಿದ್ದಾವ್ರು ಇಬ್ಬರೂ ಗಂಡಸರು. ಎಣಿಕಿ ದಿನ ನಾನೇ ಸಿಂದಗಿಗೆ ಹೋದೆ. ಇಬ್ಬರನ್ನೂ ಸೋಲಿಸಿ ಹೊರಗ ಬಂದ್ರ, ಹಾರ ಹಿಡದಾವ್ರ ಕೈ ರೂಢಿ ಪ್ರಕಾರ ನಮ್ಮನಿಯವ್ರ ಕೊಳ್ಳಿನ ಕಡೆನ ಹೋತು. ನಾ ಬಾಯಿ ತೆಗಿಯೂದ್ರಾಗ ಅವ್ರೇ ಹಿಂದ ಸರದು, "ಗೆದ್ದಾಕಿ ಆಕಿ, ಆಕಿಗೆ ಹಾಕ್ರಿ!" ಅಂದ್ರು. ನಾ ಮುಂದ ಬಂದು ಹಾರ ಹಾಕಿಸ್ಕೊಂಡೆ.

ಮನಿಗೆ ಬಂದು ಹಾರ ತಗೀದನ ಕಟ್ಟಿ ಮ್ಯಾಲ ಕುಂತೆ.

"ಆರಿಸಿ ಬಂದೀನ್ರಿ, ಚಾ ಮಾಡ್ರಿ."

ಮಾಡಿದ್ರು, ಅಂಗಳ ತುಂಬ ಮಂದಿಗೆ.