ಎರಡು ಬಾಯಿಯ ನಳಿನಕ್ಕ

ಕಾಪುವಿನ ನಳಿನಕ್ಕನಿಗೆ ದೇವರು ಎರಡು ಬಾಯಿ ಕೊಟ್ಟಿದ್ದಾನೆ, ಒಂದು ಅವಳಿಗೆ, ಇನ್ನೊಂದು ಮಗಳಿಗೆ ಎಂದು ನೆರೆಕರೆಯವರು ನಗುತ್ತಿದ್ದರು. ಹುಟ್ಟುವಾಗಲೇ ಮೆದುಳಿಗೆ ಪೆಟ್ಟಾಗಿ ಕೈಕಾಲೂ ನಾಲಗೆಯೂ ಹತೋಟಿಗೆ ಬಾರದ ವಾರಿಜಳನ್ನು ಯಾರು ಏನು ಕೇಳಿದರೂ, ಪ್ರಶ್ನೆ ಮುಗಿಯುವ ಮೊದಲೇ ತಾಯಿಯ ಉತ್ತರ ಸಿದ್ಧ: "ಅವಳಿಗೆ ಚಹಾ ಆಗುವುದಿಲ್ಲ", "ಅವಳಿಗೀಗ ನಿದ್ದೆ ಬಂತು". ಮಣಿಪಾಲದ ಡಾಕ್ಟರು "ಸ್ವಲ್ಪ ಕಾಯಿರಿ ಅಮ್ಮ, ಅವಳೇ ಹೇಳಲಿ" ಎಂದರೆ, "ಅವಳು ಹೇಳುವುದೂ ಇದನ್ನೇ ಡಾಕ್ಟ್ರೇ" ಎಂದವಳು ಈ ನಳಿನಕ್ಕ. ಎಂಬತ್ತೊಂದನೇ ಇಸವಿಯ ಒಂದು ಬೆಳಿಗ್ಗೆ ಮೀನಿನ ಕಲ್ಯಾಣಿ ಬುಟ್ಟಿ ಇಳಿಸಿ, ಒಂದು ಕೈಯಲ್ಲಿ ಬಂಗುಡೆ, ಇನ್ನೊಂದರಲ್ಲಿ ಬೂತಾಯಿ ಹಿಡಿದು, "ಯಾವುದು ಬೇಕು ಮಗಾ?" ಎಂದು ವಾರಿಜಳನ್ನು ಕೇಳಿದಳು. "ಅವಳಿಗೆ ಬಂಗುಡೆಯೇ." "ನೀವೊಮ್ಮೆ ಸುಮ್ಮನಿರಿ ನಳಿನಕ್ಕ!" ಕಲ್ಯಾಣಿ ಕಾದಳು. ಹುಡುಗಿಯ ಕಣ್ಣು ನಿಧಾನವಾಗಿ ಬೂತಾಯಿಯ ಮೇಲೆ ಹೋಗಿ ನಿಂತಿತು. ಮೀನುಗಳನ್ನು ಕೈ ಬದಲಿಸಿದರೂ ಬೂತಾಯಿಯ ಮೇಲೆಯೇ. ಹದಿನಾಲ್ಕು ವರ್ಷ ಬಂಗುಡೆ ತಿನ್ನಿಸಿದ ನಳಿನಕ್ಕನಿಗೆ ಅಂದು ಎರಡು ಬಾಯಿಯೂ ಕಟ್ಟಿತು. ಮರುವರ್ಷ, ಎದೆಯ ಗಂಟಿನ ಆಪರೇಷನ್ನಿಗೆಂದು ಕೊನೆಯ ಬಾರಿ ಮನೆ ಬಿಡುವಾಗ, ಅವಳು ಮಗಳೆದುರು ಕುಳಿತು "ಹೋಗಿ ಬರಲಾ ಮಗಾ?" ಎಂದು ಕೇಳಿ, ಹೊರಗೆ ಟ್ಯಾಕ್ಸಿಯ ಹಾರ್ನು ಕೂಗುತ್ತಿದ್ದರೂ ಬಾಯಿ ಮುಚ್ಚಿ ಕಾದಳು. ಮಗಳ ಕಣ್ಣು ಬಾಗಿಲ ಕಡೆ ತಿರುಗಲೇ ಇಲ್ಲ. ತಾಯಿಯ ಮುಖದ ಮೇಲೆಯೇ ನಿಂತಿತು. ಆ ಉತ್ತರ ಚೆನ್ನಾಗಿ ಅರ್ಥವಾದ ನಳಿನಕ್ಕ, ಆದರೂ ಎದ್ದು ಮೆಟ್ಟಿಲಿಳಿದಳು.