ಕೇಳದೆ ತಂದ ಗೆಡ್ಡೆ

ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಕಲ್ಲೇಶಪ್ಪನವರ ಹೆಂಡತಿ ಗುರುಸಿದ್ದಮ್ಮನವರ ಹಿತ್ತಿಲಲ್ಲಿ ಕೇಳಿ ತಂದ ಗಿಡ ಒಂದೂ ಇರಲಿಲ್ಲ. ಕೇಳಿ ತಂದದ್ದು ಹತ್ತುವುದಿಲ್ಲ, ಸದ್ದಿಲ್ಲದೆ ಮುರಿದು ತಂದದ್ದು ಹುಲುಸಾಗಿ ಬರುತ್ತದೆ ಎಂಬುದು ಆ ಬೀದಿಯ ಹೆಂಗಸರ ನಂಬಿಕೆ. ದಾಸವಾಳದ ಕಡ್ಡಿ, ಕನಕಾಂಬರದ ಸಸಿ ಕಾಂಪೌಂಡು ದಾಟುತ್ತಿದ್ದದ್ದು ಹೀಗೆಯೇ. ಕಳೆದುಕೊಂಡವರು ನಾಲ್ಕು ದಿನ ಆಡಿಕೊಂಡು ಮರೆಯುತ್ತಿದ್ದರು.

1998ರ ಮಾರ್ಚಿನಲ್ಲಿ ಪಕ್ಕದ ಮನೆಯ ನಿವೃತ್ತ ಮೇಡಂ ವಿಶಾಲಮ್ಮ ಅರೇಹಳ್ಳಿಯ ತಂಗಿಯ ಮನೆಗೆ ಹೋಗಿದ್ದರು. ಅವರ ಅಂಗಳದ ಮೂಲೆಯಲ್ಲಿ ನಾಲ್ಕು ಮೇ ಫ್ಲವರ್ ಗೆಡ್ಡೆಗಳಿದ್ದವು. ಅದಕ್ಕೆ ಯಾರ ಆರೈಕೆಯೂ ಬೇಡ. ಬೇಸಿಗೆಯಲ್ಲಿ ಎಲೆ ಒಣಗಿ ಬರೀ ಮಣ್ಣು ಕಾಣುತ್ತದೆ; ಮೊದಲ ಮಳೆ ಬಿದ್ದದ್ದೇ, ಎಲೆಗಿಂತ ಮುಂಚೆ, ಚೆಂಡಿನಂಥ ಕೆಂಪು ಹೂ. ಗುರುಸಿದ್ದಮ್ಮ ಒಂದೇ ಸಾಕೆಂದು ಗುದ್ದಲಿ ಹಾಕಿದರು. ಅಂಟಿಕೊಂಡಿದ್ದ ಮೂರು ಒಟ್ಟಿಗೆ ಎದ್ದು ಬಂದವು. ನಾಲ್ಕನೆಯದು ಗುದ್ದಲಿಯ ಏಟಿಗೆ ಹೋಳಾಯಿತು. ಮೂರನ್ನೂ ಸೆರಗಿನಲ್ಲಿ ಕಟ್ಟಿ ತಂದು ಹಿತ್ತಿಲಿನ ಒಗೆಯುವ ಕಲ್ಲಿನ ಮರೆಯಲ್ಲಿ ಕುಂಡಕ್ಕೆ ಹಾಕಿದರು. ಕಡ್ಡಿ ಮುರಿದರೆ ತಾಯಿಗಿಡ ಉಳಿಯುತ್ತದೆ, ಗೆಡ್ಡೆ ಕಿತ್ತರೆ ಏನೂ ಉಳಿಯುವುದಿಲ್ಲ ಎಂದು ಹೊಳೆದದ್ದು ಆಮೇಲೆ.

ಏಪ್ರಿಲ್ ಕೊನೆಗೆ ಮಳೆ ಬಂತು. ಕುಂಡದಲ್ಲಿ ಮೂರು ಹೂ ಅರಳಿದವು. ಊರಿಂದ ಬಂದಿದ್ದ ವಿಶಾಲಮ್ಮ ದಿನಾ ಬೆಳಿಗ್ಗೆ ತಮ್ಮ ಮೂಲೆಗೆ ಒಂದು ಚೊಂಬು ನೀರು ಹಾಕಿ, ಬಗ್ಗಿ ನೋಡಿ ಒಳಗೆ ಹೋಗುತ್ತಿದ್ದರು. ಎಂಟನೆಯ ದಿನ ಕಾಂಪೌಂಡಿನಾಚೆಯಿಂದ ಹೇಳಿದರು:

"ನಂದೇ ತಪ್ಪು ಕಣೇ ಗುರುಸಿದ್ದಿ. ಹೋದ ವರ್ಷ ನೀರು ಜಾಸ್ತಿ ಹಾಕಿ ಕೊಳೆಸಿಬಿಟ್ಟೆ ಅನ್ಸುತ್ತೆ. ಮೂವತ್ತು ವರ್ಷ ಮಕ್ಳಿಗೆ ಪಾಠ ಮಾಡ್ದೆ, ಒಂದ್ ಗೆಡ್ಡೆ ಸಾಕೋಕೆ ಬರ್ಲಿಲ್ಲ ನೋಡು."

ಗುರುಸಿದ್ದಮ್ಮ ಅಂದು ರಾತ್ರಿ ಗಂಡನಿಗೆ ಎಲ್ಲ ಹೇಳಿಬಿಟ್ಟರು. ಕಲ್ಲೇಶಪ್ಪ ಕೇಳಿ ನಕ್ಕರು. "ಈ ಬೀದೀಲಿ ಗಿಡ ಕದೀದವ್ರು ಯಾರವ್ರೆ? ಸುಮ್ಕಿರು."

"ಕದ್ದಿದ್ದಕ್ಕಲ್ಲ ರೀ. ತಪ್ಪನ್ನ ಅವ್ರ ತಲೆ ಮೇಲೆ ಹಾಕ್ಕೊಂಡವ್ರೆ."

ಮರುದಿನ ಬೆಳಿಗ್ಗೆ ಕುಂಡವನ್ನು ಅವುಚಿಕೊಂಡು ಹೋಗಿ ವಿಶಾಲಮ್ಮನವರ ಅಂಗಳದಲ್ಲಿ ಇಳಿಸಿದರು.

"ಅಕ್ಕ, ನಿಮ್ದು ಕೊಳೆತಿಲ್ಲ. ನಾನೇ ಕಿತ್ಕೊಂಡ್ ಹೋಗಿದ್ದೆ."

ವಿಶಾಲಮ್ಮ ಹೂಗಳನ್ನು ನೋಡಿದರು. "ನಾಲ್ಕಿದ್ವಲ್ಲ?"

"ಒಂದು ಗುದ್ದಲಿ ಏಟಿಗೆ ಹೋಯ್ತು."

"ಕೇಳಿದ್ರೆ ಕೊಡ್ತಿರ್ಲಿಲ್ವೇನೇ?"

"ಕೇಳಿದ್ರೆ ಹತ್ತಲ್ಲ ಅಂತ."

"ಹೂಂ. ನಾನು ಬರೀ ಮಣ್ಣಿಗೆ ನೀರು ಹಾಕ್ತಿದ್ದಾಗ ನೋಡ್ತಿದ್ದೆಯಾ?"

"ದಿನಾ ನೋಡ್ತಿದ್ದೆ."

ಬೈಸಿಕೊಳ್ಳಲು ಸಿದ್ಧರಾಗಿಯೇ ಬಂದಿದ್ದರು ಗುರುಸಿದ್ದಮ್ಮ. ವಿಶಾಲಮ್ಮ ಬೈಯಲಿಲ್ಲ. ಒಳಗೆ ಹೋಗಿ ತಮ್ಮ ಗುದ್ದಲಿ ತಂದು ಕುಂಡದ ಪಕ್ಕ ಇಟ್ಟು, "ನೀನೇ ನೆಡು" ಎಂದು ಮೆಟ್ಟಿಲ ಮೇಲೆ ಕೂತರು.

ಗುರುಸಿದ್ದಮ್ಮ ಕುಕ್ಕರುಗಾಲಲ್ಲಿ ಕೂತು ಮಣ್ಣು ಬಿಡಿಸಿದರು. ಗೆಡ್ಡೆಯನ್ನು ಕೈಯಲ್ಲಿ ಹಿಡಿದು ಕೇಳಿದರು:

"ಎಷ್ಟು ಆಳ ಅಕ್ಕ?"

"ಕತ್ತು ಮಣ್ಣಿನ ಮೇಲೆ ಕಾಣ್ಬೇಕು," ಎಂದರು ವಿಶಾಲಮ್ಮ.